ಆ ಮಕ್ಕಳ ಹೆಸರನ್ನೂ ಒಮ್ಮೆ ಹೇಳಿ: ಮೂಕಿ ಚಿತ್ರ ತೋರಿಸುವವರಿಗೆ ಒಂದು ಬಹಿರಂಗ ಪತ್ರ

ಫಿಲ್ಮ್ ಸೊಸೈಟಿ ನಡೆಸುವವರಿಗೆ, ಶಾಲೆಯಲ್ಲಿ ಮಕ್ಕಳಿಗೆ ಹಳೇ ಸಿನಿಮಾ ತೋರಿಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಯೂಟ್ಯೂಬಿಗೆ ಮೂಕಿ ಚಿತ್ರಗಳನ್ನು ಹಾಕುವ ಗೆಳೆಯರಿಗೆ,

ನಮಸ್ಕಾರ.

ಮೊದಲು ಒಂದು ಥ್ಯಾಂಕ್ಸ್. ನೂರು ವರ್ಷ ಹಳೆಯ, ಮಾತೇ ಇಲ್ಲದ, ಹತ್ತಿಪ್ಪತ್ತು ನಿಮಿಷದ ಹಾಸ್ಯ ಚಿತ್ರಗಳನ್ನು ಇವತ್ತಿಗೂ ಜನರ ಮುಂದೆ ಇಡುತ್ತಿರುವವರು ನೀವು. ಟಿವಿಯವರು ಅವನ್ನು ಯಾವತ್ತೋ ಕೈಬಿಟ್ಟರು. ಭಾನುವಾರ ಸಂಜೆ ಕುರ್ಚಿ ಜೋಡಿಸಿ, ಪ್ರೊಜೆಕ್ಟರ್ ಸರಿಮಾಡಿ, ಬಂದ ಮೂವತ್ತು ನಲವತ್ತು ಜನಕ್ಕೆ ಚಾಪ್ಲಿನ್, ಕೀಟನ್, ಹೆರಾಲ್ಡ್ ಲಾಯ್ಡ್ ಅವರನ್ನು ತೋರಿಸುವುದು ಸುಮ್ನೆ ಆಗುವ ಕೆಲಸ ಅಲ್ಲ.

ಆದರೂ ಒಂದು ತಕರಾರಿದೆ. ಚಿತ್ರ ಶುರುವಾಗುವ ಮುಂಚೆ ನೀವು ನಾಯಕನ ಬಗ್ಗೆ ಹೇಳುತ್ತೀರಿ. ನಿರ್ದೇಶಕನ ಬಗ್ಗೆ, ಸ್ಟುಡಿಯೋ ಬಗ್ಗೆಯೂ ಹೇಳುತ್ತೀರಿ. ನಗುವಿನಲ್ಲಿ ಅರ್ಧ ಪಾಲು ದುಡಿದ ಐದು ವರ್ಷದ ಮಗುವಿನ ಹೆಸರು ಮಾತ್ರ ಬರುವುದಿಲ್ಲ. ಈಚೆಗೆ ನಾನು ಹೋಗಿದ್ದ ಒಂದು ಪ್ರದರ್ಶನದಲ್ಲಿ, ಕಣ್ಣಿನ ಸುತ್ತ ಕಪ್ಪು ಉಂಗುರ ಇರುವ ಆ ನಾಯಿಯನ್ನು 'ಇದು ಪೀಟ್' ಎಂದು ಪ್ರೀತಿಯಿಂದ ಪರಿಚಯಿಸಿದರು. ಅದರ ಪಕ್ಕ ನಿಂತಿದ್ದ ಹುಡುಗರು 'ತುಂಟ ಮಕ್ಕಳು', ಅಷ್ಟೆ. ನಾಯಿಗೆ ಹೆಸರಿದೆ, ಹುಡುಗರಿಗಿಲ್ಲ!

ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ಆ ಮಕ್ಕಳನ್ನೂ ನಟರು ಅಂತ ಪರಿಚಯಿಸಿ. ಹೆಸರು ಹೇಳಿ. ಅವರು ಮಾಡಿದ್ದು ಏನು ಅಂತ ಒಂದು ಮಾತು ಹೇಳಿ. ಯಾಕೆ ಇಷ್ಟು ಹಟ ಅಂತ ಕೇಳಿದರೆ, ಸ್ವಲ್ಪ ಉದ್ದದ ಉತ್ತರವಿದೆ.

ಸಿನಿಮಾದಲ್ಲಿ ಮೊದಲು ನಗಿಸಿದ್ದೇ ಒಬ್ಬ ಹುಡುಗ. 1895ರ ಡಿಸೆಂಬರ್ 28ರಂದು ಪ್ಯಾರಿಸಿನ ಗ್ರ್ಯಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಹತ್ತು ಚಿತ್ರ ತೋರಿಸಿದರು. ಅದರಲ್ಲಿ ಒಂದು, ಗಿಡಗಳಿಗೆ ನೀರು ಬಿಡುವ ಮಾಲಿಯ ಕಥೆ. ಪೂರ್ತಿ ಒಂದು ನಿಮಿಷವೂ ಇಲ್ಲ. ಹಿಂದಿನಿಂದ ಹುಡುಗ ಬಂದು ಪೈಪಿನ ಮೇಲೆ ಕಾಲಿಡುತ್ತಾನೆ. ನೀರು ನಿಲ್ಲುತ್ತದೆ. ಮಾಲಿ ಪೈಪಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ಆಮೇಲೆ ಗೊತ್ತೇ ಇದೆಯಲ್ಲ. ಮಾಲಿ ಅಟ್ಟಿಸಿಕೊಂಡು ಹೋಗಿ ಅವನನ್ನು ಹಿಡಿಯುತ್ತಾನೆ. ಮುಂದಿನ ಸಲ ನೋಡುವಾಗ ಇಲ್ಲಿ ಗಮನಿಸಿ: ಹಿಡಿದ ಜಾಗದಲ್ಲೇ ಹೊಡೆಯುವುದಿಲ್ಲ. ವಾಪಸ್ ಎಳೆದುಕೊಂಡು ಬಂದು, ನಮ್ಮ ಕಣ್ಣೆದುರು ಬಾರಿಸುತ್ತಾನೆ. ಕ್ಯಾಮೆರಾ ಅಲ್ಲಾಡುವಂತಿಲ್ಲ, ಹಾಗಾಗಿ ಪೆಟ್ಟೇ ಕ್ಯಾಮೆರಾ ಹತ್ತಿರ ಬರಬೇಕು. ಹುಡುಗನೂ ಅದನ್ನು ತಿಳಿದವನ ಹಾಗೆ ಎಳೆಸಿಕೊಂಡು ಬರುತ್ತಾನೆ. ಆತ ಲೂಮಿಯೇರ್ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ಬೆನುವಾ ದುವಾಲ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಲೂಮಿಯೇರ್ ಹೆಸರು ನಮ್ಮ ಎಲ್ಲ ಪಠ್ಯದಲ್ಲೂ ಇದೆ. ದುವಾಲ್ ಹೆಸರು ನೀವು ಯಾರ ಬಾಯಲ್ಲಿ ಕೇಳಿದ್ದೀರಿ?

ಆಮೇಲೆ ಫ್ರಾನ್ಸಿನಲ್ಲೇ ಮಕ್ಕಳ ಹಾಸ್ಯ ಒಂದು ದಂಧೆಯಾಗಿ ಬೆಳೆಯಿತು. ಗೋಮೊಂ ಕಂಪನಿಯಲ್ಲಿ ಲೂಯಿ ಫೊಯಾದ್ 1910ರಿಂದ 'ಬೆಬೆ' ಎಂಬ ಹುಡುಗನ ಸರಣಿ ತೆಗೆದರು. ಆಗ ಆ ಹುಡುಗನಿಗೆ ಐದು ವರ್ಷ. ಎರಡೇ ವರ್ಷದಲ್ಲಿ ಇನ್ನೂ ಚಿಕ್ಕವನೊಬ್ಬನನ್ನು ಅದೇ ಸರಣಿಗೆ ತಂದರು. ಬೆಬೆಯ ಜಾಗಕ್ಕೆ ಆಮೇಲೆ ಅವನೇ ಬಂದ. ಅವನ ಹೆಸರು 'ಬೂ ದ ಜಾಂ', ಅಂದರೆ ಒಂದು ಚೂರು ಜ್ಯೇಷ್ಠಮಧು ಮಿಠಾಯಿ. 1913ರ ಒಂದು ಚಿತ್ರದಲ್ಲಿ ಈ ಮಿಠಾಯಿ ಚೂರು ಆನೆಯನ್ನೇ ಕದ್ದುಕೊಂಡು ಹೋಗುತ್ತಾನೆ. ದೊಡ್ಡವರಂತೆ ಕೋಟು ಟೋಪಿ ಹಾಕಿ, ಗಂಭೀರ ಮುಖ ಮಾಡಿ. ಕ್ಯಾಮೆರಾ ಕಡೆ ತಿರುಗಿ ನಮ್ಮನ್ನೇ ಒಂದು ನೋಟ ನೋಡುವ ಅಭ್ಯಾಸ ಅವನಿಗಿತ್ತು. 'ನೋಡ್ತಿದ್ದೀರಲ್ವಾ?' ಅನ್ನುವ ಹಾಗೆ.

ಈ ಅಡ್ಡಹೆಸರುಗಳನ್ನು ಸ್ವಲ್ಪ ಸಾಲಾಗಿ ಇಟ್ಟು ನೋಡಿ. ಬೆಬೆ ಅಂದರೆ ಪಾಪು. ಬೂ ದ ಜಾಂ ಮಿಠಾಯಿ. ಅಮೆರಿಕದಲ್ಲಿ 'ಫರೀನಾ' ಅಂತ ಒಬ್ಬ ಬಂದ, ಅದು ಬೆಳಗಿನ ಗಂಜಿ ಮಾಡುವ ಹಿಟ್ಟಿನ ಹೆಸರು. ಜೊತೆಗೆ 'ಸನ್‌ಶೈನ್ ಸ್ಯಾಮಿ', 'ಬೇಬಿ ಪೆಗ್ಗಿ'. ಇವೆಲ್ಲ ಅಂಗಡಿಯ ಸಾಮಾನಿಗೆ ಅಂಟಿಸುವ ಹೆಸರುಗಳು. ಆ ಚೀಟಿಯ ಹಿಂದೆ ಇದ್ದವರು ಕ್ಲೆಮಾಂ ಮೇರಿ, ರೆನೆ ಪೊಯೆಂ, ಆಲೆನ್ ಹಾಸ್ಕಿನ್ಸ್, ಅರ್ನೆಸ್ಟ್ ಮಾರಿಸನ್, ಪೆಗ್ಗಿ ಜೀನ್ ಮಾಂಟ್‌ಗೊಮರಿ. ನಮ್ಮಲ್ಲೂ ಟೈಟಲ್ ಕಾರ್ಡಿನಲ್ಲಿ 'ಮಾಸ್ಟರ್', 'ಬೇಬಿ' ಅಂತ ಹಾಕುತ್ತಿದ್ದರು. ಆದರೆ ಹಿಂದೆಯೇ ಹೆಸರು ಇರುತ್ತಿತ್ತು. ಮಾಸ್ಟರ್ ಲೋಹಿತ್ ಯಾರು ಅಂತ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾರಿಸನ್‌ನಿಂದಲೇ ಶುರು ಮಾಡಿ ಅಂತ ನನ್ನ ಸಲಹೆ. ನ್ಯೂ ಆರ್ಲಿಯನ್ಸ್‌ನಲ್ಲಿ 1912ರ ಡಿಸೆಂಬರಿನಲ್ಲಿ ಹುಟ್ಟಿದ ಕಪ್ಪು ಹುಡುಗ. 1920ರಲ್ಲಿ ಹೆರಾಲ್ಡ್ ಲಾಯ್ಡ್ ಜೊತೆ ಮಾಡಿದ 'ಗೆಟ್ ಔಟ್ ಆ್ಯಂಡ್ ಗೆಟ್ ಅಂಡರ್' ನಿಮ್ಮಲ್ಲಿ ಹಲವರು ತೋರಿಸಿದ್ದೀರಿ. ಲಾಯ್ಡ್‌ನ ಫೋರ್ಡ್ ಕಾರು ಕೈಕೊಡುತ್ತದೆ. ಆತ ಬಾನೆಟ್ ಎತ್ತಿ ತಲೆ ಹಾಕುತ್ತಾನೆ, ಆಮೇಲೆ ಅರ್ಧ ಮೈ, ಕೊನೆಗೆ ಇಡೀ ಮನುಷ್ಯನೇ ಇಂಜಿನ್ ಒಳಗೆ ಇಳಿದುಹೋಗುತ್ತಾನೆ. ಜನ ನಗುವುದು ಇದಕ್ಕೆ. ಆದರೆ ಆ ದೃಶ್ಯದಲ್ಲಿ ಪಕ್ಕದಲ್ಲೊಬ್ಬ ಪುಟ್ಟ ಹುಡುಗ ಇದ್ದಾನೆ. ಹೋಗು ಅಂದರೆ ಹೋಗುವುದಿಲ್ಲ. ಎಲ್ಲದಕ್ಕೂ ಮೂಗು ತೂರಿಸುತ್ತಾನೆ. ರಸ್ತೆ ಬದಿ ಗಾಡಿ ರಿಪೇರಿ ಮಾಡಿಸಿದ ಯಾರಿಗಾದರೂ ಈ ಹುಡುಗ ಗೊತ್ತು. ಅವನಿಲ್ಲದಿದ್ದರೆ ಅದು ಬರೀ ಕಾರು ರಿಪೇರಿ. ಅವನಿರುವುದರಿಂದ ಲಾಯ್ಡ್‌ನ ಸಿಟ್ಟಿಗೆ ಒಂದು ಗುರಿ ಸಿಗುತ್ತದೆ. ಏಳು ವರ್ಷದ ಹುಡುಗ ಲಾಯ್ಡ್‌ನಂಥ ನಟನ ಎದುರು ಎಲ್ಲಿ ನಿಲ್ಲಬೇಕು, ಯಾವಾಗ ಸುಮ್ಮನಿರಬೇಕು ಅಂತ ಅರಿತು ಆಡುತ್ತಾನೆ. ಅವನು ಸುಮ್ಮನೆ ನಿಂತು ನೋಡುವ ಗಳಿಗೆಗಳನ್ನು ಗಮನಿಸಿ. ಅಭಿನಯ ಗೊತ್ತಿಲ್ಲದ ಮಗು ಕೈಕಾಲು ಆಡಿಸುತ್ತಲೇ ಇರುತ್ತದೆ.

ಎರಡು ವರ್ಷದ ನಂತರ ಆ ಚಿತ್ರದ ನಿರ್ಮಾಪಕ ಹಾಲ್ ರೋಚ್ 'ಅವರ್ ಗ್ಯಾಂಗ್' ಎಂಬ ಮಕ್ಕಳ ಹಾಸ್ಯ ಸರಣಿ ಶುರು ಮಾಡಿದಾಗ ಮಾರಿಸನ್ ಅದರ ಅನುಭವಿ ನಟ. ರೋಚ್ ಆಮೇಲೆ ಹೇಳಿಕೊಳ್ಳುತ್ತಿದ್ದ ಕಥೆ ಹೀಗಿದೆ. ಒಬ್ಬ ತಾಯಿ ಮಗಳನ್ನು ಆಡಿಷನ್‌ಗೆ ಕರೆತಂದಿದ್ದಳು. ಮುಖದ ತುಂಬ ಮೇಕಪ್, ಬಾಯಿಪಾಠ ಮಾಡಿದ ಹಾವಭಾವ. ಅವರು ಹೋದ ಮೇಲೆ ರೋಚ್ ಕಿಟಕಿಯಿಂದ ಹೊರಗೆ ನೋಡಿದರೆ, ಎದುರಿನ ಮರದ ಡಿಪೋದಲ್ಲಿ ಕೆಲವು ಹುಡುಗರು ಕಡ್ಡಿಗಳಿಗಾಗಿ ಜಗಳ ಆಡುತ್ತಿದ್ದರು. ಚಿಕ್ಕವನ ಹತ್ತಿರ ದೊಡ್ಡ ಕಡ್ಡಿ, ಅದು ದೊಡ್ಡವನಿಗೆ ಬೇಕು. ಆ ಜಗಳವನ್ನು ತಾನು ಎಷ್ಟೋ ಹೊತ್ತು ನೋಡುತ್ತ ನಿಂತೆ, ಹಾಗಾದರೆ ಜನರೂ ನೋಡುತ್ತಾರೆ ಅನ್ನಿಸಿತು ಅಂತ. ಕಥೆಗೆ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಸಿನಿಮಾದವರ ಕಥೆ ಅಲ್ವಾ. ಆದರೆ ಆ ಚಿತ್ರಗಳಲ್ಲಿ ಅದೇ ಕಡ್ಡಿ ಜಗಳದ ರುಚಿ ಇದೆ. ಕೆದರಿದ ಕೂದಲಿನ ಜಾಕಿ ಕಾಂಡನ್, ಮುಖದ ತುಂಬ ಚುಕ್ಕಿಯ ಮಿಕಿ ಡೇನಿಯಲ್ಸ್, ದಪ್ಪಗಿನ ಜೋ ಕಾಬ್, ಸ್ಟುಡಿಯೋದ ಫೋಟೋಗ್ರಾಫರ್ ಮಗಳು ಮೇರಿ ಕಾರ್ನ್‌ಮನ್, ಮಾರಿಸನ್, ಎಲ್ಲರಿಗಿಂತ ಚಿಕ್ಕವನಾಗಿ ಹಾಸ್ಕಿನ್ಸ್.

ಇವರನ್ನೆಲ್ಲ ಆಡಿಸಿದವರು ನಿರ್ದೇಶಕ ರಾಬರ್ಟ್ ಮೆಕ್‌ಗೋವನ್. ಹಿಂದೆ ಡೆನ್ವರ್‌ನಲ್ಲಿ ಫೈರ್ ಸರ್ವಿಸ್‌ನಲ್ಲಿದ್ದವರು. ಇಲ್ಲೊಂದು ವಿಷಯ ನಿಮ್ಮ ಪ್ರೇಕ್ಷಕರಿಗೆ ಖಂಡಿತ ಹೇಳಿ. ಮೂಕಿ ಚಿತ್ರ ಅಂದರೆ ಸೆಟ್ಟಿನಲ್ಲಿ ಮೌನ ಅಂತಲ್ಲ. ಗದ್ದಲವೋ ಗದ್ದಲ. ಕ್ಯಾಮೆರಾ ತಿರುಗುತ್ತಿರುವಾಗಲೇ ನಿರ್ದೇಶಕ ಪಕ್ಕದಿಂದ ಮಾತಾಡಬಹುದಿತ್ತು: 'ಈಗ ಆ ಕಡೆ ನೋಡು, ಬಾಗಿಲು ತೆರೆಯಿತು, ಹೆದರಿಕೋ, ಓಡು!' ಓದಲು ಬಾರದ ಮಕ್ಕಳಿಗೆ ಸ್ಕ್ರಿಪ್ಟ್ ಕೊಟ್ಟು ಏನು ಮಾಡುವುದು? ಮೆಕ್‌ಗೋವನ್ ದೃಶ್ಯವನ್ನು ಕಥೆಯಂತೆ ಹೇಳಿ ಆಡಿಸುತ್ತಿದ್ದರು. 1929ರಲ್ಲಿ ಈ ಸರಣಿಗೆ ಮಾತು ಬಂದಾಗ ಆ ಸೌಕರ್ಯ ಹೋಯಿತು.

ಹಾಗಾದರೆ ಮಕ್ಕಳು ಹೇಳಿದ್ದನ್ನು ಮಾಡಿದರು ಅಷ್ಟೆ, ಅದರಲ್ಲೇನು ನಟನೆ ಅಂತ ಯಾರಾದರೂ ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ. ಆಗ ಹಾಸ್ಕಿನ್ಸ್ ಅಳುವುದನ್ನು ತೋರಿಸಿ. 1920ರ ಆಗಸ್ಟಿನಲ್ಲಿ ಹುಟ್ಟಿದವನು, ಗ್ಯಾಂಗಿಗೆ ಸೇರಿದಾಗ ಸುಮಾರು ಎರಡು ವರ್ಷ. ಮೊದಲು ತುಟಿ ಅದುರುತ್ತದೆ. ಅಳಬಾರದು ಅಂತ ತಡೆಯುವ ಪ್ರಯತ್ನ ಕಾಣುತ್ತದೆ. ಆಮೇಲೆ ದೊಡ್ಡ ಕಣ್ಣೀರು ಉರುಳುತ್ತದೆ. ಆ ನಡುವಿನ ತಡೆಯುವ ಪ್ರಯತ್ನ ಇದೆಯಲ್ಲ, ಅದನ್ನು ಪಕ್ಕದಲ್ಲಿ ನಿಂತು ಕೂಗಿ ಯಾರೂ ಮಾಡಿಸಲಾರರು. 1922ರಿಂದ 1931ರವರೆಗೆ ಆತ 105 ಚಿತ್ರಗಳಲ್ಲಿ ಆಡಿದ. ಆ ದಶಕದಲ್ಲಿ ಇಡೀ ಗ್ಯಾಂಗಿಗೆ ಅವನೇ ಜನಪ್ರಿಯ.

ಇಲ್ಲಿ ಒಂದು ಕಷ್ಟದ ಮಾತೂ ಇದೆ. ಹಾಸ್ಕಿನ್ಸ್‌ನ ಫರೀನಾ ಪಾತ್ರಕ್ಕೆ ಜಡೆ ಹಾಕಿ ರಿಬ್ಬನ್ ಕಟ್ಟುತ್ತಿದ್ದರು, ಹುಡುಗನೋ ಹುಡುಗಿಯೋ ಗೊತ್ತಾಗಬಾರದು ಅಂತ. ದೆವ್ವ ಅಂದರೆ ಕೂದಲು ನೆಟ್ಟಗಾಗುವುದು, ಕಲ್ಲಂಗಡಿ ಕಂಡರೆ ಜೊಲ್ಲು ಸುರಿಸುವುದು, ಕಪ್ಪು ಜನರ ಬಗ್ಗೆ ಅಮೆರಿಕದ ಬಿಳಿಯರು ಆಡಿಕೊಂಡು ನಗುತ್ತಿದ್ದ ಎಲ್ಲ ಹಳಸಲು ತಮಾಷೆಗಳೂ ಆ ಪುಟ್ಟ ತಲೆಯ ಮೇಲೆ ಬಿದ್ದವು. ಅದೇ ವೇಳೆ, ಕಪ್ಪು ಮಕ್ಕಳು ಬಿಳಿ ಮಕ್ಕಳು ಒಂದೇ ಗುಂಪಾಗಿ ಜಗಳವಾಡಿ ಒಂದಾಗುವುದನ್ನು ತೆರೆಯ ಮೇಲೆ ತೋರಿಸುವುದು ಆಗಿನ ಅಮೆರಿಕದಲ್ಲಿ ಅಪರೂಪ. ಎರಡೂ ನಿಜ. ದಯವಿಟ್ಟು ಆ ತುಣುಕುಗಳನ್ನು ಗುಟ್ಟಾಗಿ ಕತ್ತರಿಸಬೇಡಿ, ಏನೂ ಹೇಳದೆ ತೋರಿಸಲೂ ಬೇಡಿ. ಮೊದಲೇ ಎರಡು ಮಾತು ಹೇಳಿ. ಚಿಕ್ಕ ಮಕ್ಕಳ ಪ್ರದರ್ಶನವಾದರೆ ಬೇರೆ ಚಿತ್ರ ಆರಿಸಿಕೊಳ್ಳಿ, ಬೇಕಾದಷ್ಟಿವೆ. ಹಾಸ್ಕಿನ್ಸ್ ದೊಡ್ಡವನಾದ ಮೇಲೆ ಸೈನ್ಯದಲ್ಲಿದ್ದ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಅಂಗವಿಕಲರ ನಡುವೆ ಕೆಲಸ ಮಾಡಿದ. ಫರೀನಾ ಎಂದು ನಕ್ಕವರಿಗೆ ಇದೂ ಗೊತ್ತಿರಲಿ.

ಈಗ ಪೆಗ್ಗಿ. ಇವಳ ವಿಷಯ ಬರೆಯುವಾಗ ನನಗೆ ಕೈ ತಡೆಯುವುದಿಲ್ಲ, ಕ್ಷಮಿಸಿ.

1918ರ ಅಕ್ಟೋಬರಿನಲ್ಲಿ ಹುಟ್ಟಿದ ಮಗು. ಅಪ್ಪ ಕೌಬಾಯ್, ಸಿನಿಮಾಗಳಲ್ಲಿ ಕುದುರೆ ಸಾಹಸಕ್ಕೆ ಡ್ಯೂಪ್ ಆಗಿದ್ದವರು. ಒಂದೂವರೆ ವರ್ಷ ದಾಟಿದ ಮಗುವನ್ನು ಎತ್ತಿಕೊಂಡು ಅಮ್ಮ ಸೆಂಚುರಿ ಸ್ಟುಡಿಯೋ ನೋಡಲು ಹೋದಾಗ, ನಿರ್ದೇಶಕ ಫ್ರೆಡ್ ಫಿಶ್‌ಬ್ಯಾಕ್ ಕಣ್ಣಿಗೆ ಬಿದ್ದಳು. ಹೇಳಿದ ಕಡೆ ಅಲ್ಲಾಡದೆ ಕೂತಿರುತ್ತಾಳೆ, ಬಾ ಅಂದರೆ ಬರುತ್ತಾಳೆ. ಅಪ್ಪ ಕುದುರೆಗಳ ಜೊತೆ ಮಗಳಿಗೂ ಶಿಸ್ತು ಕಲಿಸಿದ್ದರು. ಬ್ರೌನಿ ಎಂಬ ನಾಯಿಯ ಜೊತೆ ಒಂದು ಚಿತ್ರ ಮಾಡಿಸಿದರು. ಅಲ್ಲಿಂದ ಸಾಲುಸಾಲು ಕಿರುಚಿತ್ರಗಳು, 150ರಷ್ಟು ಎಂದು ಹೇಳುತ್ತಾರೆ. ದೊಡ್ಡ ತಾರೆಯರನ್ನು ಅಣಕಿಸುವುದು ಅವಳ ವಿಶೇಷ. ವ್ಯಾಲೆಂಟಿನೊ, ಪೋಲಾ ನೆಗ್ರಿ ಯಾರನ್ನೂ ಬಿಟ್ಟಿಲ್ಲ. ಮೂರು ನಾಲ್ಕು ವರ್ಷದ ಮಗು ಪ್ರಣಯ ನಾಯಕಿಯ ಹಾಗೆ ಹುಬ್ಬು ಏರಿಸಿದರೆ ನಗು ಬರುವುದು ಸಹಜ. ಆದರೆ ಅಣಕಕ್ಕೆ ಮೊದಲು ಮೂಲವನ್ನು ಸರಿಯಾಗಿ ಹಿಡಿಯಬೇಕಲ್ಲ. ಅವಳು ಹಿಡಿಯುತ್ತಿದ್ದಳು.

ಕೆಲಸ ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ. ಅವಳೇ ಮುಂದೆ ನೆನಪಿಸಿಕೊಂಡ ಪ್ರಕಾರ, ಒಂದು ಚಿತ್ರಕ್ಕಾಗಿ ಪ್ರಜ್ಞೆ ತಪ್ಪುವವರೆಗೆ ಸಮುದ್ರದ ನೀರಿನಲ್ಲಿ ಮುಳುಗಿಸಿ ಹಿಡಿದಿದ್ದರು. ಇನ್ನೊಂದಕ್ಕೆ ರೈಲು ಬೋಗಿಯ ಕೆಳಗೆ ಕೂರಿಸಿ ಓಡಿಸಿದರು. ದೊಡ್ಡ ಚಿತ್ರಗಳಿಗೆ ಹೋದ ಮೇಲೆ, ಬೆಂಕಿಯ ದೃಶ್ಯವೊಂದು ಕೈಮೀರಿ, ಉರಿಯುವ ಸೆಟ್ಟಿನಿಂದ ತಾನೇ ದಾರಿ ಹುಡುಕಿ ಹೊರಬಂದಳು. ಆಗ ಅವಳಿಗೆ ಐದು ವರ್ಷವೂ ತುಂಬಿರಲಿಲ್ಲ. 1925ರಲ್ಲಿ ಅಪ್ಪ ನಿರ್ಮಾಪಕ ಸೋಲ್ ಲೆಸರ್ ಜೊತೆ ದುಡ್ಡಿನ ವಿಷಯಕ್ಕೆ ಜಗಳ ತೆಗೆದು ಕಾಂಟ್ರ್ಯಾಕ್ಟ್ ಮುರಿದರು. ಅಲ್ಲಿಗೆ ಆರು ವರ್ಷದ ತಾರೆಯ ಸಿನಿಮಾ ಬದುಕು ಮುಗಿಯಿತು. ಸಂಪಾದಿಸಿದ್ದು ದೊಡ್ಡವರ ಕೈಯಲ್ಲಿ ಕರಗಿಹೋಯಿತು. ಮುಂದೆ ನಾಟಕ ಕಂಪನಿಗಳ ಸುತ್ತಾಟ, ಹಾಲಿವುಡ್ಡಿನಲ್ಲೇ ಎಕ್ಸ್‌ಟ್ರಾ ಪಾತ್ರಗಳು. 1926ರಲ್ಲಿ ಸೆಂಚುರಿ ಸ್ಟುಡಿಯೋಗೆ ಬೆಂಕಿ ಬಿದ್ದು ಅವಳ ಬಹುಪಾಲು ಚಿತ್ರಗಳೂ ಸುಟ್ಟುಹೋದವು.

ಮೂಕಿ ಯುಗದ ನಷ್ಟ ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಕೊಟ್ಟ ಲೆಕ್ಕದಲ್ಲಿ, 1912ರಿಂದ 1929ರ ನಡುವಿನ ಸುಮಾರು 11,000 ಪೂರ್ಣಾವಧಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದಿರುವುದು ಶೇ. 14 ಮಾತ್ರ. ಅದು ದೊಡ್ಡ ಚಿತ್ರಗಳ ಲೆಕ್ಕ. ಕಿರುಚಿತ್ರಗಳನ್ನು ಅಷ್ಟು ಜೋಪಾನ ಮಾಡಿದವರು ಯಾರು?

ಪೆಗ್ಗಿ ಮಾತ್ರ ಉಳಿದಳು. ಡಯಾನಾ ಸೆರಾ ಕ್ಯಾರಿ ಎಂದು ಹೆಸರು ಬದಲಿಸಿಕೊಂಡು, ಪುಸ್ತಕದಂಗಡಿ ನಡೆಸಿ, ಸಿನಿಮಾ ಇತಿಹಾಸ ಬರೆಯುವವಳಾದಳು. ತನ್ನ ಕಥೆ ಬರೆದಳು, ಹಾಲಿವುಡ್ಡಿನ ಇತರ ಬಾಲನಟರ ಕಥೆಯನ್ನೂ ಬರೆದಳು. 2020ರ ಫೆಬ್ರವರಿಯಲ್ಲಿ 101ನೇ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಉಳಿದಿರುವ ಚಿತ್ರ ತೋರಿಸುವಾಗ 'ಅಯ್ಯೋ ಪಾಪ' ಅಂತ ಪರಿಚಯಿಸಬೇಡಿ. ಕಷ್ಟ ಹೇಳಿ, ಬೇಡ ಅನ್ನುವುದಿಲ್ಲ. ಆದರೆ ಜನ ನಗಲಿ. ನಗಿಸುವುದು ಅವಳ ಕಸುಬಾಗಿತ್ತು, ಅದನ್ನು ಚೆನ್ನಾಗಿ ಮಾಡಿದಳು. ಬರೀ ಕನಿಕರ ತೋರಿಸಿದರೆ ಆ ಕಸುಬನ್ನೇ ಮರೆತಂತೆ.

ಜಾಕಿ ಕೂಗನ್ ಕಥೆ ನಿಮಗೆಲ್ಲ ಗೊತ್ತು, ಬೇಗ ಮುಗಿಸುತ್ತೇನೆ. ಚಾಪ್ಲಿನ್ ಜೊತೆ ಬಾಲನಟನಾಗಿ ಆಡಿದ 'ದ ಕಿಡ್' ಚಿತ್ರಕ್ಕೂ ಮುಂಚೆ 1919ರ ಒಂದು ಚಾಪ್ಲಿನ್ ಕಿರುಚಿತ್ರದಲ್ಲಿ ಆತ ಪುಟ್ಟದಾಗಿ ಬಂದು ಹೋಗುತ್ತಾನೆ, ಹುಡುಕಿ ತೋರಿಸಿ, ಪ್ರೇಕ್ಷಕರಿಗೆ ಖುಷಿಯಾಗುತ್ತದೆ. 'ದ ಕಿಡ್'ನ ಅಳುವ ದೃಶ್ಯದ ಬಗ್ಗೆ ಚಾಪ್ಲಿನ್ ಆತ್ಮಕಥೆಯಲ್ಲಿ ಬರೆದಿದ್ದಾರೆ: ಜಾಕಿ ಅಳಲೇ ಇಲ್ಲ, ಆಗ ಅಪ್ಪ, ಅಳದಿದ್ದರೆ ಸ್ಟುಡಿಯೋದಿಂದ ಕರೆದೊಯ್ದು ನಿಜವಾಗಿಯೂ ವರ್ಕ್‌ಹೌಸಿಗೆ, ಅಂದರೆ ದಿಕ್ಕಿಲ್ಲದ ಬಡವರನ್ನು ಇರಿಸುವ ಕಡೆಗೆ, ಕಳಿಸಿಬಿಡುತ್ತೇನೆ ಎಂದು ಹೆದರಿಸಿದರು. ಹುಡುಗ ಗಳಗಳ ಅತ್ತ. ಆಮೇಲೆ ಚಾಪ್ಲಿನ್ ಸಮಾಧಾನ ಮಾಡಲು ಹೋದರೆ, ಅಪ್ಪ ತಮಾಷೆ ಮಾಡಿದ್ದು ತನಗೆ ಗೊತ್ತಿತ್ತು ಎಂದು ಪಿಸುಗುಟ್ಟಿದನಂತೆ. ಇದಕ್ಕಿಂತ ದೊಡ್ಡ ನಟ ಬೇಕೇ? ದುಡಿದ ಲಕ್ಷಾಂತರ ಡಾಲರ್ ತಾಯಿ ಮತ್ತು ಮಲತಂದೆಯ ಪಾಲಾಯಿತು. 1938ರಲ್ಲಿ ಕೋರ್ಟಿಗೆ ಹೋದ. ಕೊನೆಗೆ ಸಿಕ್ಕಿದ್ದು 1,26,000 ಡಾಲರ್. ಮರುವರ್ಷ ಕ್ಯಾಲಿಫೋರ್ನಿಯಾ ಬಾಲನಟರ ಸಂಪಾದನೆಗೆ ಕಾನೂನು ತಂದಿತು. ನಮ್ಮಲ್ಲೂ 2017ರ ನಿಯಮಗಳ ಪ್ರಕಾರ ಬಾಲ ಕಲಾವಿದರ ದುಡಿಮೆ ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ಸಂಭಾವನೆಯ ಕನಿಷ್ಠ ಶೇ. 20 ಭಾಗ ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ನಿಮ್ಮ ಪ್ರೇಕ್ಷಕರಲ್ಲಿ ಮಗುವನ್ನು ರಿಯಾಲಿಟಿ ಶೋಗೆ ಕಳಿಸಲು ತಯಾರಾಗಿರುವ ಅಪ್ಪ ಅಮ್ಮಂದಿರು ಇರುತ್ತಾರೆ. ಅವರ ಕಿವಿಗೂ ಬೀಳಲಿ.

ಮಕ್ಕಳನ್ನು ಪರಿಚಯಿಸುವುದು ಹೇಗೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಒಂದು ಮಾದರಿ ಇದೆ. 1919ರಲ್ಲಿ ದಾದಾಸಾಹೇಬ್ ಫಾಲ್ಕೆ 'ಕಾಳಿಯ ಮರ್ದನ' ತೆಗೆದಾಗ ಬಾಲಕೃಷ್ಣನ ಪಾತ್ರ ಮಾಡಿದ್ದು ಅವರ ಮಗಳು, ಏಳು ವರ್ಷದ ಮಂದಾಕಿನಿ. ಅದು ಹಾಸ್ಯದ ಕಿರುಚಿತ್ರವೇನಲ್ಲ, ನಿಜ. ಆದರೆ ಬೆಣ್ಣೆ ಕದಿಯುವ, ನೆರೆಹೊರೆಯವರನ್ನು ಗೋಳುಹೊಯ್ದುಕೊಳ್ಳುವ ಕೃಷ್ಣ ಯಾವ ಗ್ಯಾಂಗಿಗೆ ಕಡಿಮೆ? ಉಳಿದಿರುವ ಪ್ರತಿಯಲ್ಲಿ ಕಥೆಗೂ ಮೊದಲು ಕಾಣುವುದು ಆ ಹುಡುಗಿಯ ಮುಖ. ಏಳು ವರ್ಷದ ಹುಡುಗಿಯ ಮುಖಭಾವಗಳು ಅಂತ ಒಂದು ಬರಹ, ಹಿಂದೆಯೇ ಒಂದೊಂದೇ ಭಾವ. ಕೃಷ್ಣನಾಗುವುದು ಆಮೇಲೆ. ನಟಿಯನ್ನು ನೋಡಿ, ನಂತರ ಪಾತ್ರವನ್ನು ನೋಡಿ ಅಂತ ಫಾಲ್ಕೆ ಹೇಳಿದ ಹಾಗಿದೆ.

ನೀವು ಮಾಡಬೇಕಾಗಿರುವುದೂ ಅಷ್ಟೇ. ಪೋಸ್ಟರಿನಲ್ಲಿ ಲಾಯ್ಡ್ ಪಕ್ಕ ಮಾರಿಸನ್ ಹೆಸರು ಹಾಕಿ. ಯೂಟ್ಯೂಬಿನ ವಿವರಣೆಯಲ್ಲಿ 'ಫನ್ನಿ ಕಿಡ್ಸ್' ಬದಲು ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ. ಅಮೆರಿಕದಲ್ಲಿ 1929ರವರೆಗಿನ ಚಿತ್ರಗಳ ಹಕ್ಕುಸ್ವಾಮ್ಯ ಮುಗಿದಿದೆ. ಹೊಸದಾಗಿ ಸೇರಿಸಿದ ಸಂಗೀತಕ್ಕೆ ಮಾತ್ರ ಹಕ್ಕು ಇರಬಹುದು, ಅದನ್ನೊಂದು ನೋಡಿಕೊಳ್ಳಿ. ವೇಗವನ್ನೂ ಗಮನಿಸಿ. ಕೈಯಿಂದ ತಿರುಗಿಸುತ್ತಿದ್ದ ಕ್ಯಾಮೆರಾ ಸೆಕೆಂಡಿಗೆ 16ರಿಂದ 20 ಫ್ರೇಮ್ ಹಿಡಿದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಕೀಲಿ ಕೊಟ್ಟ ಗೊಂಬೆಗಳಾಗುತ್ತಾರೆ. ಹಾಸ್ಯ ಚಿತ್ರಗಳಲ್ಲಿ ಬೇಕೆಂದೇ ಸ್ವಲ್ಪ ವೇಗ ಇಟ್ಟಿರುವುದೂ ಉಂಟು, ಹಾಗಾಗಿ ಒಂದೇ ಅಳತೆ ಎಲ್ಲಕ್ಕೂ ಸಲ್ಲದು. ಆದರೆ ಮಗುವಿನ ತುಟಿ ಅದುರುವುದು ಕಾಣದಷ್ಟು ಓಡುತ್ತಿದ್ದರೆ ಪ್ಲೇಬ್ಯಾಕ್ ವೇಗವನ್ನು 0.75ಕ್ಕೆ ಇಳಿಸಿ ನೋಡಿ.

ನಿಮ್ಮ ಮುಂದಿನ ಪ್ರದರ್ಶನದ ಪಟ್ಟಿ ಕಳಿಸಿಕೊಡಿ. ಯಾವ ಮಗು ಯಾರು ಅಂತ ಹುಡುಕಿ ಒಂದು ಪುಟ ಬರೆದುಕೊಡುವ ಕೆಲಸ ನನ್ನದು. ಸಂಬಳ ಬೇಡ. ಇಂಟರ್ವಲ್ಲಿನಲ್ಲಿ ಟೀ ಕೊಟ್ಟರೆ ಬೇಡ ಅನ್ನುವುದಿಲ್ಲ.

ಇಂತಿ ನಿಮ್ಮ,
ಹಿಂದಿನ ಸಾಲಿನ ಒಬ್ಬ ಪ್ರೇಕ್ಷಕ